ಜೇಬಿಲ್ಲದ ಪ್ಯಾಂಟಿನ ಚಾಂಪಿಯನ್

ಎಲ್ಲ ರಗಳೆಗೂ ಕಾರಣ, ಟೈಲರ್ ತನ್ನ ಮೊಬೈಲನ್ನು ಪ್ಯಾಂಟಿನ ಬಲಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದುದು. ಅಂಗಿಯ ಜೇಬಿನಲ್ಲಿ ಇಡಬಹುದಿತ್ತು, ಅಲ್ಲಿ ಸೀಮೆಸುಣ್ಣವಿತ್ತು. ಮೇಜಿನ ಮೇಲೆ ಇಡಬಹುದಿತ್ತು. ಹಾಗಿಟ್ಟು ಒಮ್ಮೆ ಕೋಟಿನ ಒಳಪದರಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದ; ಮದುವೆಯ ದಿನ ಮದುಮಗನ ಬೆನ್ನು ರಿಂಗಾಗಿತ್ತು. ಅಂದಿನಿಂದ ಬಲಜೇಬೇ ಗತಿ.

ತಿಂಗಳ ಹಿಂದೆ ಡ್ರಿಲ್ ಮೇಷ್ಟ್ರು ನಿವೃತ್ತರಾದರು. ಶಾಲೆ ಬಿಟ್ಟರೂ ಸೀಟಿ ಬಿಡಲಿಲ್ಲ. "ಮೊಬೈಲ್ ನೋಡ್ತಾ ನೋಡ್ತಾ ಎಲ್ರೂ ಕೂತಲ್ಲೇ ಬೇರು ಬಿಟ್ಟಿದ್ದೀರಿ! ಇನ್ಮೇಲೆ ಆ ಮೊಬೈಲೇ ನಿಮ್ಮನ್ನ ಎಬ್ಬಿಸುತ್ತೆ. ಎಡ, ಬಲ, ಎಡ!" ಎಂದು ಮನೆಮನೆಗೆ ಹೋಗಿ, ಎಲ್ಲರ ಮೊಬೈಲಿಗೂ ಹೆಜ್ಜೆ ಎಣಿಸುವ ಆ್ಯಪ್ ಹಾಕಿಸಿದರು. ಈ ಬೀದಿಗೂ ಹಿಂದಿನ ಬೀದಿಗೂ ಪಂದ್ಯ ಹೂಡಿದರು. ಯಾರು ಎಷ್ಟು ನಡೆದರು ಎಂಬುದು ದಿನದ ಕೊನೆಗೆ ಎಲ್ಲರ ಮೊಬೈಲಿನಲ್ಲೂ ಕಾಣುತ್ತಿತ್ತು.

ಟೈಲರ್ ನಡೆಯಲಿಲ್ಲ. ಎಂದಿನಂತೆ ಕೂತು ಹೊಲಿಗೆ ಮೆಷಿನ್ ತುಳಿದ. ಕಾಲು ಮೇಲೆ ಕೆಳಗೆ, ತೊಡೆ ಮೇಲೆ ಕೆಳಗೆ, ಜೇಬಿನ ಮೊಬೈಲೂ ಮೇಲೆ ಕೆಳಗೆ. ಪಾಪ, ಹುಟ್ಟಿದಾಗಿನಿಂದ ಹೊಲಿಗೆ ಮೆಷಿನ್ನನ್ನೇ ಕಾಣದ ಆ ಆ್ಯಪ್ ಇದನ್ನೆಲ್ಲ ನಡಿಗೆಯೆಂದೇ ನಂಬಿತು. ಮೊದಲ ದಿನದ ಲೆಕ್ಕ ಇಪ್ಪತ್ತಾರು ಸಾವಿರ ಹೆಜ್ಜೆ. ಇಡೀ ಬೀದಿಗೇ ಅವನೇ ಮೊದಲು.

"ಟೈಲರಣ್ಣ, ಅದ್ಯಾವಾಗ ನಡೀತೀರಿ? ಕಣ್ಣಿಗೇ ಬೀಳಲ್ವಲ್ಲ!" ಎಂದರು ಎದುರುಮನೆ ವಕೀಲರು.

ಆಗಲೇ ನಿಜ ಹೇಳಬಹುದಿತ್ತು. ಆದರೆ ಐವತ್ತೊಂದು ವರ್ಷದ ಬಾಳಿನಲ್ಲಿ ಆತ ಯಾವುದರಲ್ಲೂ ಮೊದಲು ಬಂದವನಲ್ಲ. ಶಾಲೆಯ ಓಟದಲ್ಲೂ ಮುಂದಿನವನ ಚಡ್ಡಿಯ ಹೊಲಿಗೆ ಬಿಚ್ಚಿದ್ದನ್ನು ತೋರಿಸಲು ನಿಂತು ಕೊನೆಯವನಾಗಿದ್ದ. ಬೀದಿಯಲ್ಲಿ ಅವನಿಗಿದ್ದ ಹೆಸರೇ 'ಕೂತಪ್ಪ'. ಈಗ ಅದೇ ಬೀದಿ 'ಚಾಂಪಿಯನ್' ಎನ್ನುತ್ತಿತ್ತು. ಎದೆಯ ಅಳತೆ ಎರಡಿಂಚು ಹೆಚ್ಚಾಯಿತು. ಅಂಗಿಯ ಗುಂಡಿಯನ್ನು ತಾನೇ ಸರಿಸಿ ಹೊಲಿದುಕೊಂಡ.

"ಬೆಳಗಿನ ಜಾವ, ಸಾರ್," ಎಂದುಬಿಟ್ಟ.

ಹೀಗೆ ಕೊನೆಯ ದಿನ ಬಂತು. ಉಳಿದವರು ಇಬ್ಬರೇ: ಈ ಬೀದಿಯ ಟೈಲರ್, ಹಿಂದಿನ ಬೀದಿಯ ಪೋಸ್ಟ್‌ಮ್ಯಾನ್. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಯಾರು ಹೆಚ್ಚು ನಡೆಯುತ್ತಾರೋ ಅವರಿಗೆ ಗೆಲುವಿನ ಕಪ್ಪು. ಅಂದು ಮಾತ್ರ ಲೆಕ್ಕ ಎಲ್ಲರ ಮೊಬೈಲಿನಲ್ಲೂ ನಿಮಿಷ ನಿಮಿಷಕ್ಕೂ ಕಾಣುವಂತೆ ಮೇಷ್ಟ್ರು ಮಾಡಿದ್ದರು. ಟೈಲರನಿಗೆ ಚಿಂತೆಯಿರಲಿಲ್ಲ. ಆಸ್ಪತ್ರೆಯ ನರ್ಸುಗಳ ಮೂವತ್ತಾರು ಬಿಳಿ ಕೋಟು ಸಂಜೆಯೊಳಗೆ ಮುಗಿಸಬೇಕಿತ್ತು. ಮೂವತ್ತಾರು ಕೋಟೆಂದರೆ ಪೋಸ್ಟ್‌ಮ್ಯಾನ್ ಊರು ದಾಟಿ ಮುಂದಿನೂರಿಗೆ ಹೋಗಿ ಬಂದರೂ ಮುಟ್ಟಲಾಗದ ದೂರ.

"ಮೋಟಾರ್ ಹಾಕಿಸಿದ್ರೆ ಮಧ್ಯಾಹ್ನಕ್ಕೇ ಮುಗಿತಿತ್ತು. ಎಷ್ಟು ವರ್ಷದಿಂದ ಬಡ್ಕೋತಿದೀನಿ," ಎಂದಳು ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಡತಿ.

"ಕಾಲಿರೋನಿಗೆ ಮೋಟಾರ್ ಯಾಕೆ?" ಎಂದು ಟೈಲರ್ ಠೀವಿಯಿಂದ ಪೆಡಲಿನ ಮೇಲೆ ಕಾಲಿಟ್ಟ.

ಪೀಽಽ ಎಂದಿತು ಸೀಟಿ.

ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು. ಹಿಂದೆ ವಕೀಲರು. ಅವರ ಹಿಂದೆ, ಕೋಟುಗಳ ಆರ್ಡರ್ ಕೊಟ್ಟ ನರ್ಸಮ್ಮ. ಮೂವರ ಕೈಯಲ್ಲೂ ಮೊಬೈಲು.

"ಏನ್ರೀ ಇದು! ಫೈನಲ್ ದಿನ ಹೊಲಿಗೆಗೆ ಕೂರೋದಾ? ಏಳಿ ಮೇಲೆ! ಅಟೆನ್‌ಷನ್!"

"ಮೇಷ್ಟ್ರೇ, ಕೋಟು..."

"ಕೋಟು ಅಕ್ಕ ಹೊಲೀತಾರೆ ಬಿಡಿ," ಎಂದರು ನರ್ಸಮ್ಮ. "ಅವ್ರ ಕೈ ನಿಮಗಿಂತ ಚುರುಕು. ನೀವು ಬೀದಿ ಮಾನ ನೋಡ್ಕೊಳ್ಳಿ. ಆದ್ರೆ ಆರು ಗಂಟೆಗೆ ಕೋಟು ಬೇಕು ಮತ್ತೆ!"

ಮೇಷ್ಟ್ರು ಒಂದು ಹೊಸ ನೀಲಿ ಟ್ರ್ಯಾಕ್ ಪ್ಯಾಂಟನ್ನು ಅವನ ಮುಖಕ್ಕೆ ಹಿಡಿದರು. ಮರೆಗೆ ತಳ್ಳಿ ತೊಡಿಸಿಯೂ ಬಿಟ್ಟರು. ಅದರ ಸೊಂಟದ ಹೊಲಿಗೆ ಎಷ್ಟು ಕೆಟ್ಟದಾಗಿತ್ತೆಂದರೆ, ಟೈಲರ್ ಅದನ್ನು ಬೈಯುವುದರಲ್ಲೇ ಮುಳುಗಿ, ಅದಕ್ಕೆ ಜೇಬೇ ಇಲ್ಲವೆಂಬುದನ್ನು ಗಮನಿಸಲಿಲ್ಲ. ಹಳೆಯ ಪ್ಯಾಂಟು ಮೊಳೆಗೆ ನೇತುಬಿತ್ತು. ಮೊಬೈಲು ಅದರ ಬಲಜೇಬಿನಲ್ಲೇ ಉಳಿಯಿತು.

"ಎಡ, ಬಲ! ಎಡ, ಬಲ!"

ಪಾರ್ಕನ್ನು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಟೈಲರನ ಉಸಿರು ದಾರ ಸಿಕ್ಕಿಕೊಂಡ ಮೆಷಿನ್ನಿನಂತೆ ಕಟಕಟ ಎನ್ನತೊಡಗಿತು. ಮೂವತ್ತು ವರ್ಷ ಪೆಡಲು ತುಳಿದ ಕಾಲುಗಳಿಗೆ ನೆಲವೆಂಬುದು ಹೊಸ ಸಂಗತಿ. ತುಳಿದರೂ ಅದು ಮೇಲೇಳುತ್ತಲೇ ಇರಲಿಲ್ಲ.

"ಸೊನ್ನೆ!" ಮೇಷ್ಟ್ರು ಕಿರುಚಿದರು. "ನಿಮ್ಮ ಹೆಜ್ಜೆ ಸೊನ್ನೆ ತೋರಿಸ್ತಿದೆ. ಯಾಕ್ರೀ ನಡೀತಿಲ್ಲ?"

"ನಡೀತಾ ಇದೀನಲ್ಲ ಮೇಷ್ಟ್ರೇ, ನಿಮ್ಮ ಕಣ್ಣೆದುರಿಗೇ!"

"ಕಣ್ಣು ಸಾಕ್ಷಿಯಲ್ಲ, ಮಾನ್ಯರೇ," ಎಂದರು ವಕೀಲರು ಕೋರ್ಟಿನ ಗಂಟಲಿನಲ್ಲಿ. "ಮೊಬೈಲೇ ಸಾಕ್ಷಿ. ಅದರ ಪ್ರಕಾರ ತಾವು ನಿಂತಿದ್ದೀರಿ."

ನಿಂತಿದ್ದೀರಿ ಎಂಬ ಮಾತು ಕೇಳಿಯೇ ಟೈಲರ್ ಕಲ್ಲುಬೆಂಚಿನ ಮೇಲೆ ದೊಪ್ಪನೆ ಕುಸಿದ.

ಅದೇ ಹೊತ್ತಿಗೆ ಅಂಗಡಿಯಲ್ಲಿ ನೇತಾಡುತ್ತಿದ್ದ ಪ್ಯಾಂಟು ರಿಂಗಾಯಿತು. ಯಾರೋ ಗಿರಾಕಿ. ಹೆಂಡತಿ ಮೊಬೈಲು ತೆಗೆದು ಮಾತಾಡಿ, ಮತ್ತೆ ಕರೆ ಬಂದರೆ ಏಳುವುದು ಯಾಕೆಂದು ತನ್ನ ಮೇಲಂಗಿಯ ಜೇಬಿಗೆ ಹಾಕಿಕೊಂಡಳು. ಮೊಣಕಾಲಿನ ಹತ್ತಿರ ಬರುವ ಆಳವಾದ ಜೇಬದು. ಅವಳು ಹಟ ಹಿಡಿದು ಗಂಡನ ಕೈಯಲ್ಲೇ ಹೊಲಿಸಿದ್ದಳು. ಆಮೇಲೆ ಮೊದಲ ಕೋಟಿಗೆ ಕೈ ಹಾಕಿ ಮೆಷಿನ್ ತುಳಿಯತೊಡಗಿದಳು.

"ಏರ್ತಿದೆ!" ಪಾರ್ಕಿನಲ್ಲಿ ನರ್ಸಮ್ಮ ಚೀರಿದರು. "ನೂರು... ಇನ್ನೂರು... ಅಯ್ಯೋ, ಕೂತಿದ್ದಾರಲ್ಲ!"

ಮೂವರೂ ಮೊಬೈಲು ನೋಡಿದರು. ಬೆಂಚಿನ ಮೇಲೆ ಒರಗಿದ್ದ ಟೈಲರನ ಕಾಲು ನೋಡಿದರು. ಮತ್ತೆ ಮೊಬೈಲು ನೋಡಿದರು. ನರ್ಸಮ್ಮ ಅವನ ನಾಡಿ ಹಿಡಿದರು.

ಟೈಲರ್ ಜೇಬು ಮುಟ್ಟಿಕೊಳ್ಳಲು ಹೋದ. ಜೇಬಿದ್ದರೆ ತಾನೆ! ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಮೊಬೈಲು ಅಲ್ಲಿ, ಮಾನ ಇಲ್ಲಿ. ಇನ್ನೊಂದು ನಿಮಿಷ ಕೂತಿದ್ದರೆ ತಿಂಗಳ ಗುಟ್ಟು ಬೀದಿಪಾಲು, ಚಾಂಪಿಯನ್ ಮತ್ತೆ ಕೂತಪ್ಪ. ಸ್ಪ್ರಿಂಗಿನಂತೆ ಎದ್ದ.

"ಕೂತ್ರೂ ಕಾಲು ಒಳಗೊಳಗೇ ನಡೀತಿರುತ್ತೆ, ಮೇಷ್ಟ್ರೇ. ಅಭ್ಯಾಸ ಬಲ!" ಎಂದು ಸರಸರ ಹೊರಟ.

ಅಲ್ಲಿಂದ ಶುರುವಾಯಿತು ಅವನ ಪಾಡು. ಅಂಗಡಿಯಲ್ಲಿ ಹೆಂಡತಿ ತುಳಿದಾಗೆಲ್ಲ ಪಾರ್ಕಿನಲ್ಲಿ ಗಂಡ ನಡೆಯಬೇಕು. ಅವಳು ನಿಲ್ಲಿಸಿದಾಗ ಇವನೂ ನಿಲ್ಲಬೇಕು. ಮೇಷ್ಟ್ರ ಕೂಗೇ ಗಡಿಯಾರ. "ಏರ್ತಿದೆ!" ಎಂದರೆ ಓಟ. "ನಿಂತಿತು!" ಎಂದರೆ ಬೂಟಿನ ದಾರ ಕಟ್ಟುವ ನೆಪ. ಅವಳು ಉದ್ದ ಹೊಲಿಗೆ ಹಾಕುವಾಗ ಇವನು ಪಾರ್ಕನ್ನು ಅರ್ಧ ಸುತ್ತುತ್ತಿದ್ದ; ಅವಳು ತೋಳು ತಿರುಗಿಸುವಾಗ ಒಂದೇ ಕಾಲಿನಲ್ಲಿ ಕೊಕ್ಕರೆಯಂತೆ ನಿಲ್ಲುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಹೆಜ್ಜೆಗೆ ಹೆಜ್ಜೆ ಹಾಕಿದ್ದು ಇದೇ ಮೊದಲು.

ಅವಳು ಸುಸ್ತಾಗುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಷ್ಟರಮಟ್ಟಿಗೆ ಎಂದು ಗೊತ್ತಿರಲಿಲ್ಲ.

"ಎಂಥಾ ತಾಳ ನೋಡಿ!" ವಕೀಲರು ತಲೆದೂಗಿದರು. "ಮೊಬೈಲು ಹೇಳಿದ ಹಾಗೇ ನಡೀತಾರೆ!"

ಮೂರು ಗಂಟೆಗೆ ಪಾರ್ಕಿನ ಗೇಟಿನಲ್ಲಿ ಪೋಸ್ಟ್‌ಮ್ಯಾನ್ ಕಾಣಿಸಿಕೊಂಡ. ಚೀಲ ಹೆಗಲಿಗೆ, ಬೆವರು ಹಣೆಗೆ. "ಟೈಲರಣ್ಣ, ಇಪ್ಪತ್ತು ವರ್ಷದಿಂದ ಈ ಬೀದಿಗಳನ್ನ ತುಳಿದವನು ನಾನು. ನನ್ನನ್ನೇ ಹಿಂದೆ ಹಾಕಿದ್ರಲ್ಲ, ಭೇಷ್!" ಎಂದು ಸಲಾಂ ಹೊಡೆದ. ಆ ಸಲಾಮು ಟೈಲರನ ಎದೆಗೆ ಸೂಜಿಯಂತೆ ಚುಚ್ಚಿತು. ಅದು ತನಗೆ ಸಲ್ಲಬೇಕಾದ್ದಲ್ಲ, ಎರಡು ಬೀದಿ ಆಚೆ ಕೂತಿರುವವಳಿಗೆ ಎನ್ನಿಸಿತು.

ಆರು ಗಂಟೆಗೆ ಸೀಟಿ ಕೂಗಿತು. ಟೈಲರ್ ಮೂವತ್ತೆಂಟು ಸಾವಿರ, ಪೋಸ್ಟ್‌ಮ್ಯಾನ್ ಇಪ್ಪತ್ತೊಂದು ಸಾವಿರ. ಬೀದಿಯೇ ಚಾಂಪಿಯನ್ನನ್ನು ಕಪ್ಪಿನ ಸಮೇತ ಹೊತ್ತು ತಂದು ಅಂಗಡಿಯ ಮುಂದೆ ಇಳಿಸಿತು. ಅವನಿಗೂ ಬೇಕಾದ್ದು ಅದೇ. ಕಾಲಿನ ಮೇಲೆ ನಿಲ್ಲುವ ಸ್ಥಿತಿಯಿರಲಿಲ್ಲ. ಒಳಗೆ ಮೂವತ್ತಾರು ಕೋಟು ಇಸ್ತ್ರಿಯಾಗಿ ಸಾಲಾಗಿ ತೂಗುತ್ತಿದ್ದವು. ಒಂದೂ ಸೊಟ್ಟ ಹೊಲಿಗೆಯಿಲ್ಲ. ಟೈಲರ್ ಕಪ್ಪಿಗಿಂತ ಹೆಚ್ಚು ಹೊತ್ತು ಅವುಗಳನ್ನೇ ನೋಡಿದ.

"ನನ್ ಮಂಡಿ ಯಾಕೋ ಹಿಡ್ಕೊಂಡಿದೆ ರೀ," ಎಂದಳು ಹೆಂಡತಿ ಮೊಬೈಲನ್ನು ಅವನ ಕೈಗಿಡುತ್ತ.

ಟೈಲರ್ ಕಪ್ಪನ್ನು ಅವಳ ಮಡಿಲಲ್ಲಿಟ್ಟ. "ಇದು ನಿಂದೇ ಕಣೇ. ಆಮೇಲೆ ಹೇಳ್ತೀನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನರ್ಸಮ್ಮ ಕಣ್ಣೊರೆಸಿಕೊಂಡರು. ಟೈಲರ್ ಮನಸ್ಸಿನಲ್ಲೇ ತೀರ್ಮಾನಿಸಿದ: ಇನ್ನು ಸತ್ತರೂ ಪಾರ್ಕಿನ ಕಡೆ ತಲೆ ಹಾಕುವುದಿಲ್ಲ. ನಾಳೆಯಿಂದ ಇದೇ ಸ್ಟೂಲು, ಇದೇ ಪೆಡಲು, ಬಲಜೇಬಿನಲ್ಲಿ ಮೊಬೈಲು, ಬೀದಿಗೆ ಮೊದಲ ಸ್ಥಾನ.

ಆದರೂ ಪೋಸ್ಟ್‌ಮ್ಯಾನ್‌ನ ಮುಖ ನೋಡಿದಾಗ ಅಳುಕಾಯಿತು. ಗಂಟಲು ಸರಿಮಾಡಿಕೊಂಡ. "ಒಂದು ಮಾತು. ನಿಜ ಹೇಳ್ಬೇಕಂದ್ರೆ, ನಾನು ಗೆದ್ದಿದ್ದು ಈ ಮೆಷಿನ್ನಿಂದ..."

"ಶಬಾಷ್! ಸರಿಯಾದ ಹೊತ್ತಿಗೆ ಮೆಷಿನ್ ಸುದ್ದಿ ಎತ್ತಿದ್ರಿ!" ಮೇಷ್ಟ್ರು ಒಂದು ಪೆಟ್ಟಿಗೆಯನ್ನು ಮುಂದಿಟ್ಟರು. "ಕಪ್ಪಿನ ಜೊತೆ ಬಹುಮಾನ ಏನಿರ್ಬೇಕು ಅಂತ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ವಿ. ಸಲಹೆ ಕೊಟ್ಟಿದ್ದು ನಿಮ್ಮ ಮನೆಯವ್ರು. ಎಲ್ರೂ ಒಪ್ಪಿದ್ದಾರೆ."

"ತಾವೂ ಒಪ್ಪಿದ್ದೀರಿ," ಎಂದರು ವಕೀಲರು ಮೊಬೈಲು ತೋರಿಸಿ. "ಇಗೋ, ತಮ್ಮ ಹೆಬ್ಬೆಟ್ಟು." ಗ್ರೂಪಿನಲ್ಲಿ ಬಂದದ್ದಕ್ಕೆಲ್ಲ ಓದದೆ ಹೆಬ್ಬೆಟ್ಟು ಒತ್ತುವುದು ಟೈಲರನ ಅಭ್ಯಾಸ.

ಪೆಟ್ಟಿಗೆ ತೆರೆಯಿತು. ಒಳಗೆ ಫಳಫಳ ಹೊಳೆಯುವ, ಹೊಲಿಗೆ ಮೆಷಿನ್ನಿನ ಮೋಟಾರು.

"ಇನ್ನು ತುಳಿಯೋ ಕಷ್ಟವೇ ಇಲ್ಲ!" ಹೆಂಡತಿ ಕುಣಿದಳು. "ನಿಮ್ಮ ಕಾಲಿಗೆ ಪೂರ್ತಿ ಬಿಡುವು ರೀ! ಅಂಗಡಿ ನಾನು ನೋಡ್ಕೋತೀನಿ, ನೀವು ಹಾಯಾಗಿ ನಡೀರಿ."

"ನಡೀಲೇಬೇಕು!" ಮೇಷ್ಟ್ರು ಸೀಟಿ ಒರೆಸಿಕೊಂಡರು. "ನಾಳೆಯಿಂದ ಇಡೀ ಊರಿನ ಪಂದ್ಯ. ಮೂರು ತಿಂಗಳು. ಬೀದಿ ಪರವಾಗಿ ನಿಮ್ಮ ಹೆಸರು ಕೊಟ್ಟಾಗಿದೆ. ದಿನಕ್ಕೆ ಮೂವತ್ತೆಂಟು ಸಾವಿರಕ್ಕೆ ಒಂದು ಹೆಜ್ಜೆನೂ ಕಮ್ಮಿ ಆಗ್ಬಾರ್ದು!"

ಪೋಸ್ಟ್‌ಮ್ಯಾನ್ ಕೈ ಕುಲುಕಿದ. "ನಾಳೆ ಬೆಳಗಿನ ಜಾವ ನಾನೂ ಜೊತೆಗೆ ಬರ್ತೀನಿ ಅಣ್ಣ. ಎಷ್ಟು ಗಂಟೆಗೆ ಹೊರಡ್ತೀರಿ?"

ಅಷ್ಟರಲ್ಲಿ ಹೆಂಡತಿ ಮೋಟಾರನ್ನು ಮೆಷಿನ್ನಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಅದು ಗುಂಯ್ ಎಂದಿತು. ಪೆಡಲು ಕೆಳಗೆ ಅಲುಗಾಡದೆ ಕೂತಿತ್ತು.