ಹೆಲ್ಮೆಟ್ಟಿನೊಳಗಿನ ಮುಗಾಮ್

ಏನೇನು ಕೆಡಬಹುದು ಎಂಬ ಪಟ್ಟಿ ನನ್ನ ಬಳಿ ಮೊದಲೇ ತಯಾರಿತ್ತು. ಭಾವನ ಗಂಟಲು ಕಟ್ಟಬಹುದು. ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ ದೇವರ ಹಾಡು ಇನ್ನೇನೋ ಆಗಬಹುದು. ಯಾರಿಗೆಂದು ಹಾಡುತ್ತಾರೋ ಅವರೇ ಅರ್ಧದಲ್ಲಿ ಎದ್ದು ಹೋಗಬಹುದು. ಕ್ಯಾಂಪ್ ಬಾಸ್ ಬಂದು ಊಟದ ಹಾಲಿಗೆ ಬೀಗ ಜಡಿಯಬಹುದು. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಅದರ ನವೀಕರಣ ನಿಂತುಹೋಗಬಹುದು. ಭಾವ ಹಾಡಿದರೆ ನನ್ನ ಇಕಾಮಾ ಯಾಕಯ್ಯಾ ನಿಲ್ಲಬೇಕು ಎಂದು ಕೇಳಬೇಡಿ. ಚಿಂತೆ ಮಾಡುವವನಿಗೆ ಕಾರಣದ ಹಂಗಿಲ್ಲ!

ನನ್ನ ಅಕ್ಕನ ಗಂಡ, ಅಂದರೆ ಈ ಭಾವ, ಹೆಲ್ಮೆಟ್ಟನ್ನು ತಲೆಯ ಮೇಲೆ ಇಟ್ಟದ್ದಕ್ಕಿಂತ ಹೆಚ್ಚು ಹೊತ್ತು ಕೆನ್ನೆಗೆ ಹಿಡಿದ ಮನುಷ್ಯ. ಸೌದಿಯ ಇಡೀ ಜುಬೈಲಿನಲ್ಲಿ ಇಂಥ ಇನ್ನೊಬ್ಬ ಇರಲಾರ. ಅವರು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಪೈಪ್ ಫಿಟ್ಟರ್. ನಾನು ಅಲ್ಲಿಯ ಕೆಲಸಗಾರರ ಕ್ಯಾಂಪಿನ ಬಸ್ಸುಗಳ ಉಸ್ತುವಾರಿ. ಬಸ್ಸು ಒಂದು ನಿಮಿಷ ತಡವಾದರೂ ‘ಕಾರಣ’ ಎಂಬ ಕಾಲಮ್ಮು ತುಂಬಿ ಆಫೀಸಿಗೆ ಕಳಿಸಬೇಕು. ಹನ್ನೊಂದು ವರ್ಷದಲ್ಲಿ ನಾನು ಬರೆದ ಕಾರಣಗಳು ಎರಡೇ: ಟಯರು, ಮರಳುಗಾಳಿ.

ಬಸ್ಸಿನಲ್ಲಿ ಭಾವನ ಪಕ್ಕದ ಸೀಟು ಬಾಕುವಿನಿಂದ ಬಂದ ವೆಲ್ಡಿಂಗ್ ಇನ್‌ಸ್ಪೆಕ್ಟರರದು. ವಯಸ್ಸಾದವರು. ಅವರಿಗೆ ಅಜರ್‌ಬೈಜಾನಿ, ರಷ್ಯನ್. ಭಾವನಿಗೆ ತುಳು, ಕನ್ನಡ, ಹಿಂದಿ. ಇಬ್ಬರಿಗೂ ಸಮಾನವಾಗಿ ಬರುತ್ತಿದ್ದ ಶಬ್ದ ‘ಗುಡ್’ ಒಂದೇ. ಮೊದಲ ದಿನ ಅವರ ಫೋನಿನಲ್ಲಿ ಯಾರೋ ಗಂಟಲು ನಡುಗಿಸಿ ಕೂಗುತ್ತಿದ್ದರು. ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು. ಮನೆಯಲ್ಲಿ ಸಾವಾಗಿದೆ ಎಂದು ಭಾವ ತೀರ್ಮಾನಿಸಿದರು. ನೀರು ಕೊಟ್ಟರು, ಬೆನ್ನು ಸವರಿದರು, ಕೊನೆಗೆ ಒಂದು ಪ್ಯಾರಾಸಿಟಮಾಲನ್ನೂ ಕೊಟ್ಟರು! ಹಿರಿಯರು ಮಾತ್ರೆಯನ್ನು ಕಿಸೆಗೆ ಹಾಕಿಕೊಂಡು, ಇಯರ್‌ಫೋನ್ ತೆಗೆದು, ಒಂದನ್ನು ತಮ್ಮ ಕಿವಿಗೂ ಇನ್ನೊಂದನ್ನು ಭಾವನ ಕಿವಿಗೂ ಇಟ್ಟರು. ಅಲ್ಲಿಗೆ ಭಾವನ ಕಥೆ ಮುಗಿಯಿತು. ಅಂದಿನಿಂದ ಅವರು ಭಾವನಿಗೆ ‘ಉಸ್ತಾದ್’.

“ಅದೆಂತ ಭಾವ, ಹಾಡೋ ಅಳುವೋ?” ಎಂದು ಕೇಳಿದೆ.

“ಮುಗಾಮ್ ಅಂತ ಹೆಸರು ಮಾರಾಯ. ಅವರ ಊರಿನದ್ದು. ದೇವರನ್ನು ಕರೆಯುವುದು.”

“ಅವರ ಭಾಷೆ ನಿಮಗೆ ಬರುದಿಲ್ಲ. ಹೇಗೆ ಗೊತ್ತಾಯ್ತು?”

“ಬೆರಳು ಮೇಲೆ ತೋರಿಸಿದರು. ನಿನ್ನ ಬಸ್ಸಿನ ಎ.ಸಿ. ತೋರಿಸಿದ್ದಂತೂ ಅಲ್ಲ!”

“ಹಾಗಾದರೆ ನಮ್ಮ ಭಜನೆಯ ಹಾಗೆ.”

“ನಾವು ಕರೆದು, ಪ್ರಸಾದ ತಿಂದು ಏಳ್ತೇವೆ. ಇವರು ಕರೆದು, ಬರ್ತಾನಾ ಅಂತ ಕಾಯ್ತಾರೆ. ಕೇಳಿ ನೋಡು.”

ನಾನು ಕೇಳಲಿಲ್ಲ. ನನಗೆ ಬಸ್ಸಿನ ಚಿಂತೆಯೇ ಸಾಕಾಗಿತ್ತು.

ಕೇಳುವುದು ಹಾಡುವುದಕ್ಕೆ ತಿರುಗಿತು. ಹಾಡಿನ ಸಾಲುಗಳನ್ನು ಭಾವ ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿ ಬರೆದುಕೊಂಡರು, ಅದೂ ನನ್ನ ಬಸ್ ವೇಳಾಪಟ್ಟಿಯ ಹಿಂಬದಿಗೆ! ಅಲ್ಲಿಯ ಗಾಯಕರು ದಫ್ ಎಂಬ ಬಳೆಯಾಕಾರದ ವಾದ್ಯವನ್ನು ಮುಖದ ಪಕ್ಕ ಹಿಡಿದು ಹಾಡುತ್ತಾರಂತೆ. ಭಾವನ ಬಳಿ ಇದ್ದದ್ದು ಕಂಪನಿಯ ಹಳದಿ ಹೆಲ್ಮೆಟ್. ಗಂಟಲು ಮಾತ್ರ ನಡುಗಬೇಕಾದ ಜಾಗದಲ್ಲಿ ಅವರ ತಲೆ, ಭುಜ, ಕೊನೆಗೆ ಮಂಚವೂ ನಡುಗಿತು. ಪಕ್ಕದ ಕೋಣೆಯ ಮಲಯಾಳಿ ನರ್ಸ್ ಬಿ.ಪಿ. ಯಂತ್ರ ಹಿಡಿದು ಓಡಿ ಬಂದ. ಭಾವನದು ಸರಿಯಿತ್ತು. ಬಂದದ್ದಕ್ಕೆ ನನ್ನದನ್ನೂ ನೋಡಿದ. ನನ್ನದು ಏರಿತ್ತು.

ಹೀಗಿರುವಾಗ ಉಸ್ತಾದರ ಕೆಲಸದ ಅವಧಿ ಮುಗಿಯಿತು. ಶುಕ್ರವಾರ ಸಂಜೆ ನಾಲ್ಕೂವರೆಗೆ ದಮ್ಮಾಮ್ ವಿಮಾನ ನಿಲ್ದಾಣದ ಬಸ್ಸು. ಹೊರಡುವ ಮೊದಲು ಅವರೆದುರು ಹಾಡುತ್ತೇನೆ ಎಂದು ಭಾವ ಹಟ ಹಿಡಿದರು.

“ಕೈ ಕುಲುಕಿ ಕಳಿಸಿ ಭಾವ, ಸಾಕು.”

“ನಾಲ್ಕು ತಿಂಗಳು ಪಕ್ಕದಲ್ಲಿ ಕೂತದ್ದು. ಬರೀ ‘ಗುಡ್’ ಅಂತ ಹೇಳಿ ಕಳಿಸುವುದಾ?”

“ತಪ್ಪಿದರೆ?”

“ತಪ್ಪಿದರೆ ಅವರು ನಗಾಡ್ಲಿ. ಹಾಡದಿದ್ದರೆ ಅವರಿಗೆ ಎಂತದೂ ಗೊತ್ತಾಗುದಿಲ್ಲ ಮಾರಾಯ.”

ನಾನು ರೂಮಿಗೆ ಹೋಗಿ ಆ ಪಟ್ಟಿ ಮಾಡಿದೆ.

ನಾಲ್ಕು ಇಪ್ಪತ್ತಕ್ಕೆ ಊಟದ ಹಾಲಿನಲ್ಲಿ ಭಾವ ಹೆಲ್ಮೆಟ್ಟನ್ನು ಕೆನ್ನೆಗೆ ಹಿಡಿದು ನಿಂತರು. ಸೂಟ್‌ಕೇಸಿನ ಪಕ್ಕ ಕೂತಿದ್ದ ಉಸ್ತಾದರು ಮೊದಲು ಹೆಲ್ಮೆಟ್ಟನ್ನೇ ನೋಡಿದರು. ಭಾವ ಶುರುಮಾಡಿದರು. ಮೊದಲ ಸಾಲಿಗೇ ಸ್ವರ ಒಡೆಯಿತು, ಯಾರೋ ಕಿಸಕ್ಕೆಂದರು. ಎರಡನೆಯ ಸಾಲು ಮೇಲೇರುತ್ತ ಏರುತ್ತ ಭಾವನ ಉಸಿರೇ ಮುಗಿಯಿತು. ಹೆಲ್ಮೆಟ್ ಕೆಳಗಿಳಿಯಿತು. ಆಗ ಉಸ್ತಾದರು, ಕೂತಲ್ಲಿಂದಲೇ, ಕಣ್ಣು ಮುಚ್ಚಿ, ಭಾವ ಬಿಟ್ಟ ಜಾಗದಿಂದ ಸ್ವರ ಎತ್ತಿಕೊಂಡರು. ಸ್ವಲ್ಪ ದೂರ ಹೊತ್ತು, ತಿರುಗಿ ಭಾವನಿಗೇ ಕೊಟ್ಟರು. ಮತ್ತೆ ಇಬ್ಬರೂ. ಇಬ್ಬರೂ ಕರೆಯುತ್ತಿದ್ದರು, ಕಾಯುತ್ತಿದ್ದರು.

ಗಡಿಯಾರ ನಾಲ್ಕೂವರೆ ತೋರಿಸಿತು. ಡ್ರೈವರ್ ಖಾನ್ ಸಾಹೇಬರು ಕೀ ಹಿಡಿದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ‘ಯಲ್ಲಾ, ಹೊರಡಿ’ ಎಂದು ಎಬ್ಬಿಸುವುದೇ ನನ್ನ ಉದ್ಯೋಗ. ಬಾಯಿ ತೆರೆದೆ. ಕೂತುಕೊಳ್ಳಿ ಎಂದು ಅವರಿಗೆ ಕೈಸನ್ನೆ ಮಾಡಿದೆ.

ಹಾಡು ಮುಗಿದ ಮೇಲೆ ಉಸ್ತಾದರು ಕಿಸೆಯಿಂದ ಏನನ್ನೋ ತೆಗೆದು ಭಾವನಿಗೆ ತೋರಿಸಿದರು. ಮೊದಲ ದಿನದ ಪ್ಯಾರಾಸಿಟಮಾಲ್! ಅದನ್ನು ಮತ್ತೆ ಕಿಸೆಯಲ್ಲೇ ಜೋಪಾನವಾಗಿ ಇಟ್ಟುಕೊಂಡು, “ಗುಡ್” ಎಂದರು. ಭಾವನೂ “ಗುಡ್” ಎಂದರು.

ಭಾವನ ಗಂಟಲೊಂದು ಬಿಟ್ಟರೆ, ಪಟ್ಟಿಯಲ್ಲಿದ್ದ ಯಾವ ಅನಾಹುತವೂ ಆಗಲಿಲ್ಲ. ಬಸ್ಸು ಏಳು ನಿಮಿಷ ತಡವಾಯಿತು, ಅಷ್ಟೇ. ‘ಕಾರಣ’ ಎಂಬ ಕಾಲಮ್ಮಿನಲ್ಲಿ ನಾನು ನನ್ನ ಹೆಸರು ಬರೆದೆ.