ಕೋಟೆಯಿಂದ ‘ನೋ’ ತರಲು ಹೋದದ್ದು

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಗ್ಗೆ ಮೋಡ, ಮಧ್ಯಾಹ್ನದ ಮೇಲೆ ತೆಳು ಬಿಸಿಲು. ಮಕ್ಕಳಿಗೆ ಬೇಡ ಎನ್ನಲಾರದವರು ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲು ಹೊರಟಾಗಲೆಲ್ಲ ಇಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಈ ಸಲ ಆಗುವಾಗ ನಾನು ಪಕ್ಕದಲ್ಲೇ ಇದ್ದೆ.

ಅಮೆರಿಕದ ಫೋರ್ಟ್ ಲೀಯಲ್ಲಿ ನಮ್ಮದೇ ಬಿಲ್ಡಿಂಗಿನಲ್ಲಿರುವ ಗೆಳೆಯನ ಮಗಳಿಗೆ ಮದುವೆ ಗೊತ್ತಾಗಿತ್ತು. ಚೆಕ್ ದೇಶದ ಹಳ್ಳಿಗಾಡಿನಲ್ಲಿ, ದುರಸ್ತಿ ಮಾಡಿ ಹೊಸದಾಗಿ ತೆರೆದ ಹಳೆಯ ಕೋಟೆಯೊಂದರಲ್ಲಿ ಮದುವೆಯಾಗಬೇಕೆಂದು ಅವಳ ಆಸೆ. ಮನೆಗೆ ಹತ್ತಿರದ ವುಡ್‌ಬ್ರಿಡ್ಜ್‌ನ ಮದುವೆ ಹಾಲ್‌ನಲ್ಲೇ ಆಗಬೇಕೆಂದು ಅವಳ ಅಮ್ಮನ ಹಟ. ನನಗೆ ಪ್ರಾಗ್‌ನಲ್ಲಿ ಆಫೀಸ್ ಕೆಲಸವಿತ್ತು. ಗೆಳೆಯನ ಹೆಂಡತಿ ಗಂಡನನ್ನೂ ನನ್ನ ಜೊತೆ ಹೊರಡಿಸಿದರು.

“ನಾವು ಬೇಡ ಅಂದ್ರೆ ಅಳ್ತಾಳೆ. ಕೋಟೆಯವರ ಬಾಯಲ್ಲೇ ನೋ ಅನ್ನಿಸ್ಕೊಂಡು ಬನ್ನಿ.”

ಮಗಳು ಫೋನಿನಲ್ಲಿ, “ಡ್ಯಾಡ್, ಜಸ್ಟ್ ಗೋ ಸೀ ಇಟ್,” ಅಂದಳು.

೧. ಪಾದರಕ್ಷೆ

ಕೋಟೆಯ ಮೇಲ್ವಿಚಾರಕಿ ನಮ್ಮ ವಯಸ್ಸಿನವರೇ. ಸೊಂಟದಲ್ಲಿ ದೊಡ್ಡ ಕೀಲಿಗೊಂಚಲು. ಬಾಗಿಲಲ್ಲಿ ಗೆಳೆಯ ಅಭ್ಯಾಸಬಲದಿಂದ ಶೂ ಬಿಚ್ಚಿ ಗೋಡೆಗೆ ಜೋಡಿಸಿಟ್ಟ. ಆಕೆ, “ಬಿಚ್ಚಬೇಡಿ, ಶೂ ಮೇಲೇ ಇದನ್ನು ಹಾಕಿಕೊಳ್ಳಿ,” ಎಂದು ದೋಣಿಯಂಥ ಉಣ್ಣೆಯ ಚಪ್ಪಲಿ ಕೊಟ್ಟರು. ಕಾಲೆತ್ತಿದರೆ ಕಳಚಿ ಬೀಳುತ್ತದೆ, ಜಾರಿಸಿಕೊಂಡೇ ನಡೆಯಬೇಕು. ಮೂರು ಕೋಣೆ ದಾಟುವಷ್ಟರಲ್ಲಿ ನಾವು ನಡೆದ ಕಡೆಯೆಲ್ಲ ನೆಲ ಫಳಫಳ.

“ಟಿಕೆಟ್ ಕೊಂಡು ನೆಲ ಒರೆಸೋದು ಇದೇ ಮೊದಲು ಕಣಯ್ಯ,” ಅಂದ ಗೆಳೆಯ.

೨. ಜನ

ದೊಡ್ಡ ಹಜಾರದಲ್ಲಿ ಆತ ಮೊದಲ ಅಸ್ತ್ರ ತೆಗೆದ.

“ನಮ್ಮ ಕಡೆ ಮದುವೆ ಅಂದ್ರೆ ಮುನ್ನೂರೈವತ್ತು ಜನ.”

ಆಕೆ ಪುಸ್ತಕದಲ್ಲಿ ಬರೆದುಕೊಂಡರು. “ಆಗಬಹುದು. ಹಿಂದೆ ಒಂದು ಸೈನ್ಯವೇ ಚಳಿಗಾಲ ಪೂರ್ತಿ ಇಲ್ಲಿ ಬೀಡುಬಿಟ್ಟಿತ್ತು.”

ಗೆಳೆಯ ನನ್ನ ಕಡೆ ತಿರುಗಿದ. “ಸೈನಿಕರಿಗೇನು! ಉಪ್ಪಿಟ್ಟು ತಣ್ಣಗಿದೆ ಅಂತ ಯಾರೂ ಮುನಿಸಿಕೊಂಡು ಹೋಗಲ್ಲ. ನಮ್ಮ ಬೀಗರು ಹೋಗ್ತಾರೆ.”

೩. ಬೆಂಕಿ

ಎರಡನೆಯ ಅಸ್ತ್ರ ಹೋಮ. “ಒಳಗೇ ಬೆಂಕಿ ಹಾಕ್ತೀವಿ. ತುಪ್ಪ ಸುರೀತೀವಿ. ಹೊಗೆ ಬಹಳ,” ಎಂದು ಹೆದರಿಸಿದ.

ಆಕೆಯ ಮುಖ ಅರಳಿತು. ಕೆಳಗಿನ ಹಳೆಯ ಅಡುಗೆಮನೆಗೆ ಕರೆದೊಯ್ದರು. ಇಡೀ ಮಾಡೇ ಹೊಗೆ ಹೋಗುವ ಚಿಮಣಿ; ಕೆಳಗೆ ನಿಂತರೆ ಆಕಾಶ ಕಾಣುತ್ತದೆ. ಕಲ್ಲು ಕಲ್ಲು ಬಿಡಿಸಿ ಮತ್ತೆ ಕಟ್ಟಿದ್ದಾರಂತೆ. “ಇಷ್ಟು ಕಷ್ಟಪಟ್ಟೆವು, ಇಲ್ಲಿ ಒಬ್ಬರೂ ಬೆಂಕಿ ಹಚ್ಚಲಿಲ್ಲ. ದಯವಿಟ್ಟು ಹಚ್ಚಿ,” ಅಂದರು.

ಗೆಳೆಯ ಬೆವರು ಒರೆಸಿಕೊಂಡು, “ಮುಹೂರ್ತ ಬೆಳಗ್ಗೆ ಐದೂ ಮುಕ್ಕಾಲಿಗೆ,” ಅಂದ.

“ಒಳ್ಳೆಯದಾಯಿತು. ಪ್ರವಾಸಿಗರು ಬರುವ ಮುಂಚೆ ಮುಗಿಯುತ್ತದೆ.”

ನಾನು ಮೆಲ್ಲಗೆ ಹೇಳಿದೆ: “ಈ ಮುಹೂರ್ತಕ್ಕೆ ನಮ್ಮ ಪುರೋಹಿತರೇ ಒಪ್ಪಲ್ಲ. ಒಂಬತ್ತಕ್ಕೆ ಮುಂಚೆ ಅವರು ಫೋನೇ ಎತ್ತಲ್ಲ.”

೪. ಬಾಡಿಗೆ

“ಇನ್ನು ರೇಟ್ ಒಂದೇ ದಾರಿ. ಬಾಯಿಗೆ ಬಂದಷ್ಟು ಹೇಳ್ತಾರೆ, ಕೈ ಮುಗಿದು ಬರೋಣ,” ಎಂದ ಗೆಳೆಯ.

ಆಕೆ ಚೀಟಿಯಲ್ಲಿ ಬರೆದು ಕೊಟ್ಟರು. ಆತ ಫೋನಿನಲ್ಲಿ ಡಾಲರಿಗೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.

“ಇದು ಒಂದು ಗಂಟೆಗಾ?”

“ಎರಡು ದಿನಕ್ಕೆ. ಕೋಣೆಗಳೂ ಸೇರಿ.”

ವುಡ್‌ಬ್ರಿಡ್ಜ್‌ನಲ್ಲಿ ಇಷ್ಟಕ್ಕೆ ಬರುವುದು ಹೂವಿನ ಅಲಂಕಾರ ಮಾತ್ರ. ಗೆಳೆಯ ಮೊದಲ ಸಲ ತಲೆಯೆತ್ತಿ ಕೋಟೆಯನ್ನು ನೋಡಿದ. ಗೋಡೆ ತಟ್ಟಿದ. “ಎಂಥಾ ಕಟ್ಟಡ ಮಾರಾಯ!” ಎಂದ. ಮುನ್ನೂರೈವತ್ತು ಜನರ ವಿಮಾನದ ಖರ್ಚು ನನ್ನ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಆತ ಆಕೆಯ ಜೊತೆ ಆಫೀಸಿಗೆ ಹೋದ. ನಾನು ಹೊರಗೆ ಬಸ್ಸಿನ ವೇಳೆ ನೋಡುತ್ತ ನಿಂತೆ.

ವಾಪಸು ಬಂದಾಗ ನ್ಯೂವಾರ್ಕ್ ಏರ್‌ಪೋರ್ಟಿಗೆ ಕಾರು ತಂದ ಗೆಳೆಯನ ಹೆಂಡತಿ ಟರ್ನ್‌ಪೈಕ್ ಹೆದ್ದಾರಿ ಹತ್ತುವವರೆಗೂ ತಡೆದುಕೊಂಡಿದ್ದರು.

“ನೋ ಅಂದ್ರಾ?”

“ಪಾಪ, ತುಂಬಾ ಒಳ್ಳೆಯವರು ಕಣೆ ಅವರು.”

“ನನಗೆ ಗೊತ್ತಿತ್ತು! ಅಡ್ವಾನ್ಸ್ ಏನಾದ್ರೂ ಕೊಟ್ರಾ?”

“ಛೆ, ಅಡ್ವಾನ್ಸ್ ಕೊಡಲಿಲ್ಲ.”

ಆಕೆ ನಿಟ್ಟುಸಿರು ಬಿಟ್ಟು, ಕನ್ನಡಿಯಲ್ಲಿ ನನ್ನತ್ತ ನೋಡಿ ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ.

“ಪೂರ್ತಿ ಕೊಟ್ಟುಬಿಟ್ಟೆ,” ಅಂದ ಗೆಳೆಯ. “ಟೆನ್ ಪರ್ಸೆಂಟ್ ಆಫ್ ಇತ್ತು.”