ನೋಯದೆ ಹೋದ ಹಲ್ಲು

ಶುರುವಾಗಿದ್ದು ಒಂದು ಬಿಸ್ಕತ್ತಿನಿಂದ. ಪುಟ್ಟಿ ಅದನ್ನು ಕಚ್ಚಿದವಳೇ ಕೆನ್ನೆ ಹಿಡಿದುಕೊಂಡು, ಉಳಿದರ್ಧವನ್ನು ಅಪ್ಪನ ಹೊಲಿಗೆ ಯಂತ್ರದ ಮೇಲಿಟ್ಟು ಅಳತೊಡಗಿದಳು. ಟೈಲರ್ ಅವಳ ಬಾಯಿ ತೆರೆಸಿ ನೋಡಿದ. ಹಿಂದಿನ ಎರಡು ಹಾಲುಹಲ್ಲು ಹುಳುಕಾಗಿದ್ದವು.

"ಡಾಕ್ಟರ್ ಹತ್ರ ಹೋಗಿ ಬರೋಣ. ಏನೂ ಆಗಲ್ಲ."

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗುಂಡಿ ಹಚ್ಚುತ್ತ ಕೂತಿದ್ದ ಅಜ್ಜಿ ಸೂಜಿ ಕೆಳಗಿಟ್ಟಳು.

"ನಿಮ್ಮಪ್ಪನ ಹಲ್ಲಿಗೆ ದಾರ ಕಟ್ಟಿ ಬಾಗಿಲಿಗೆ ಬಿಗಿದಿದ್ವಿ ಕಣೆ. ಬಾಗಿಲು ಹಾಕಿದಾಗ ಇವನು ಕೂಗಿದ ಕೂಗಿಗೆ, ಎದುರುಮನೆ ನಾಯಿ ಮಂಚದಡಿ ಸೇರಿದ್ದು ಎರಡು ದಿನ ಆಚೆ ಬರಲಿಲ್ಲ."

ಅಂಗಿಯ ಅಳತೆಗೆ ಕೈ ಚಾಚಿ ನಿಂತಿದ್ದ ಮೇಷ್ಟ್ರು, "ದಾರ ಎಷ್ಟೋ ವಾಸಿ," ಅಂದರು. "ನನಗೆ ಕಾಂಪೌಂಡರ್ ಇಕ್ಕಳ ಹಾಕಿದ್ದ. ಆಮೇಲೆ ನೋಡಿದ್ರೆ ಕಿತ್ತಿದ್ದು ಪಕ್ಕದ ಒಳ್ಳೆ ಹಲ್ಲು." ಹಳೇ ಗೆಳೆಯ ಸಿಕ್ಕಿದ ಹಾಗೆ ಅವರ ಮುಖ ಅರಳಿತ್ತು.

ಪಕ್ಕದ ಅಂಗಡಿಯ ಇಸ್ತ್ರಿಯಮ್ಮ ಬಾಗಿಲಿಗೆ ಒರಗಿದಳು. "ನನಗೆ ಹಲ್ಲುನೋವು ಬಂದಾಗ ನಮ್ಮಪ್ಪ ಹೆಗಲ ಮೇಲೆ ಹಾಕ್ಕೊಂಡು ಬೆಳಗಿನವರೆಗೂ ಬೀದಿ ಸುತ್ತಿದ್ರು. ಅಷ್ಟು ಹೊತ್ತು ಅವರು ನನ್ನ ಎತ್ಕೊಂಡಿದ್ದು ಅದೊಂದೇ ಸಲ."

ಪುಟ್ಟಿ ನೋವು ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ದಾರ, ಇಕ್ಕಳ ನೆನಪಾದದ್ದು ಅಪ್ಪನ ಜೊತೆ ಬೀದಿಗಿಳಿದ ಮೇಲೆ. ಹೋಗಿ ದೀಪದ ಕಂಬ ತಬ್ಬಿಕೊಂಡಳು.

"ಅಲ್ಲಿ ದಾರ ಇರಲ್ಲಮ್ಮ," ಎಂದ ಟೈಲರ್.

"ಸುಳ್ಳು. ನಿನ್ನ ಜೇಬಲ್ಲೇ ಇದೆ."

ನಿಜವೇ. ಹೋಗಿಬರುವವರೆಲ್ಲ ನೋಡುತ್ತಿರುವಂತೆ ಅವನು ಜೇಬುಗಳನ್ನು ಬರಿದು ಮಾಡಿ, ದಾರದ ಉಂಡೆಗಳನ್ನು ಹಣ್ಣಿನಂಗಡಿಯವನ ವಶಕ್ಕೆ ಕೊಟ್ಟು, ಮಗಳನ್ನು ಗೋಣಿಚೀಲದಂತೆ ಹೊತ್ತು ನಡೆದ. ದಾರಿಯಲ್ಲಿ ಅವಳು ಅವನ ಕಿವಿ ಕಚ್ಚಿದಳು, ಒಳ್ಳೆಯ ಹಲ್ಲುಗಳಿಂದ.

ಡಾಕ್ಟರಮ್ಮ ಪುಟ್ಟಿಗೆ ಬಣ್ಣದ ಕನ್ನಡಕ ಹಾಕಿದರು. "ಇದು ಲೇಸರ್. ಬೆಳಕಲ್ಲೇ ಹುಳುಕು ತೆಗೀತೀನಿ." ಟಿಕ್ ಟಿಕ್ ಸದ್ದು, ಒಂದಿಷ್ಟು ನೀರಿನ ತುಂತುರು. ಆಮೇಲೆ ಆ ಒಂದು ಹಲ್ಲಿನ ಗುಳಿ ತುಂಬಿದರು. ಇನ್ನೊಂದಕ್ಕೆ ಪುಟ್ಟ ಕುಂಚದಲ್ಲಿ ಔಷಧಿ ಸವರಿದರು. "ಇದು ಕ್ರಿಮಿಗಳನ್ನ ಸಾಯಿಸುತ್ತೆ. ಹುಳುಕಿದ್ದ ಜಾಗ ಕಪ್ಪಾಗುತ್ತೆ, ಗಾಬರಿಯಾಗ್ಬೇಡಿ."

"ಹೇಗಿದ್ರೂ ಬೀಳೋ ಹಲ್ಲಲ್ವಾ ಮೇಡಂ?"

"ಬೀಳೋವರೆಗೂ ಊಟ ಮಾಡ್ಬೇಕಲ್ಲ. ಹ್ಞಾ, ಮುಗೀತು."

ಟೈಲರ್ ಯುದ್ಧ ಗೆದ್ದವನ ಹಾಗೆ ವಾಪಸಾದ. ಅಂಗಡಿಯಲ್ಲಿ ಮೂವರೂ ಕಾಯುತ್ತಿದ್ದರು.

"ತುಂಬಾ ನೋವಾಯ್ತಾ ಕಂದಾ?"

"ಇಲ್ಲ."

"ರಕ್ತ?"

"ಬರಲಿಲ್ಲ."

"ಓ," ಎಂದರು ಮೇಷ್ಟ್ರು. ಅಜ್ಜಿ ಸೂಜಿ ಎತ್ತಿಕೊಂಡಳು, ಇಸ್ತ್ರಿಯಮ್ಮ ಹೊರಟೇಬಿಟ್ಟಳು. ಮೇಷ್ಟ್ರು ಇಕ್ಕಳ ಎಷ್ಟುದ್ದವಿತ್ತೆಂದು ಅಜ್ಜಿಗೆ ಕೈಯಲ್ಲಿ ತೋರಿಸತೊಡಗಿದರು.

ಸಂಜೆ ಪುಟ್ಟಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

"ನೋಯ್ತಿದೆಯಾ?" ಎಂದ ಟೈಲರ್.

"ಇಲ್ಲ. ಅದಕ್ಕೇ. ಎಲ್ಲರಿಗೂ ಹೇಳೋಕೆ ಏನಾದ್ರೂ ಇದೆ, ನನಗೇನಿದೆ?" ಎಂದವಳೇ ದೊಡ್ಡದಾಗಿ ದನಿ ತೆಗೆದಳು.

ಮೂವರೂ ಓಡಿ ಬಂದರು. "ನನಗೆ ಗೊತ್ತಿತ್ತು, ನೋವು ಈಗ ಶುರುವಾಗಿದೆ," ಎಂದು ಅಜ್ಜಿ ಮಡಿಲಿಗೆಳೆದುಕೊಂಡಳು. ಇಸ್ತ್ರಿಯಮ್ಮ ಗಾಳಿ ಹಾಕಿದಳು. ಪುಟ್ಟಿ ಅಳು ನಿಲ್ಲಿಸಿ ಸುತ್ತ ನೋಡಿದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು.

"ಆ ಬೆಳಕು ತಲೆಯೊಳಗೆಲ್ಲ ಹೋಯ್ತು," ಎಂದು ಮೆಲ್ಲಗೆ ಶುರು ಮಾಡಿದಳು. "ಆದ್ರೂ ನಾನು ಅಳಲಿಲ್ಲ. ಅಪ್ಪನೇ ಅತ್ತಿದ್ದು. ಡಾಕ್ಟರಮ್ಮ ಆಚೆ ಕಳಿಸಿಬಿಟ್ರು."

ಮೂವರೂ ತಿರುಗಿ ಟೈಲರನ ಮುಖ ನೋಡಿದರು.

"ಚಿಕ್ಕಂದಿನಿಂದಲೂ ಅವನು ಹಾಗೇ," ಎಂದಳು ಅಜ್ಜಿ. "ನೀನು ಹೇಳು ಪುಟ್ಟಿ, ಆಮೇಲೆ?"